ಶಿಶುವಿಹಾರಕ್ಕೆ ಬೀಗ ಬಿದ್ದ ಸೋಮವಾರ

ಜಯನಗರದಲ್ಲಿ ಸಾಲುಸಾಲಾಗಿ ಮನೆಗಳು ಏಳುತ್ತಿದ್ದ ಕಾಲ. ಇಟ್ಟಮಡುವಿನಿಂದ ಗಾರೆ ಕೆಲಸಕ್ಕೆ ಬರುತ್ತಿದ್ದ ಅಕ್ಕಯಮ್ಮ, ಮೂರು ವರ್ಷದ ಮಗಳು ಕೆಂಪಿಯನ್ನು ಮಕ್ಕಳಿಗೆ ಹಾಲು ಕೊಡುತ್ತಿದ್ದ ಶಿಶುವಿಹಾರದಲ್ಲಿ ಬಿಟ್ಟು ಸಂಜೆ ಎತ್ತಿಕೊಂಡು ಹೋಗುತ್ತಿದ್ದಳು. ಗಂಡ ತೀರಿಕೊಂಡಿದ್ದ. ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ.

ಚೀನಾ ಯುದ್ಧದ ಮರುವರ್ಷ, ಒಂದು ಶನಿವಾರ, ಟೀಚರ್ ಉಮಾಮಹೇಶ್ವರಿ ಅವಳನ್ನು ಬಾಗಿಲಲ್ಲೇ ನಿಲ್ಲಿಸಿದರು.

“ಸೋಮವಾರದಿಂದ ಮಗೂನ ಕರ್ಕೊಂಡ್ ಬರ್ಬೇಡ ಅಕ್ಕಯಮ್ಮ. ದಿಲ್ಲಿಯಿಂದ ಬರ್ತಿದ್ದ ದುಡ್ಡು ನಿಲ್ಸಿಬಿಟ್ರು. ಯುದ್ಧದ ಖರ್ಚಂತೆ.”

“ಹಾಲು ಕೊಡ್ಬ್ಯಾಡಿ ಅಮ್ಮಾವ್ರೇ. ನೆಳ್ಳಲ್ಲಿ ಕುಂತಿದ್ರೆ ಸಾಕು.”

“ನನ್ನ ಕೆಲ್ಸಾನೂ ಹೋಯ್ತು. ಇನ್ನು ಬೀಗ ತೆಗೆಯೋರು ಯಾರು?”

ಸೋಮವಾರ ಮಗು ತಾಯಿಯ ಜೊತೆ ಕೆಲಸದ ಜಾಗಕ್ಕೇ ಬಂತು. ಅಲ್ಲಿ ಸುಣ್ಣ ಅರಳಿಸುವ ಗುಂಡಿ ಕೊತಕೊತ ಕುದಿಯುತ್ತಿತ್ತು. ಅಕ್ಕಯಮ್ಮ ಮಗಳನ್ನು ಅದರಿಂದ ದೂರ ಎಳೆದುಕೊಂಡಳು.

“ಮಗು ನೋಡೋಕೆ ಅಂತ ಗಳಿಗೆಗೊಂದ್ ಸಲ ಕೆಳಗಿಳಿಯೋದಾದ್ರೆ ಮನೇಲೇ ಇರು,” ಎಂದ ಮೇಸ್ತ್ರಿ ಶಾಮಣ್ಣ.

ಅವಳು ಹಳೆಯ ಸೀರೆಯಿಂದ ಮಗಳ ಸೊಂಟವನ್ನು ಹೊಂಗೆಮರಕ್ಕೆ ಕಟ್ಟಿ, ಗೋಡೆಗೆ ನಿಲ್ಲಿಸಿದ್ದ ಬಿದಿರಿನ ಸಾರವೆ ಹತ್ತಿದಳು. ಗಾರೆಯ ಬಾಂಡ್ಲಿ ಕೊಟ್ಟಾಗಲೆಲ್ಲ ಕಣ್ಣು ಮರದ ಬುಡಕ್ಕೇ ಹೋಗುತ್ತಿತ್ತು. ಊಟದ ಹೊತ್ತಿಗೆ ಮುಂಚೆ ನೋಡಿದರೆ ಬರೀ ಸೀರೆ ಬಿದ್ದಿತ್ತು.

ಹೇಗೆ ಇಳಿದಳೋ ಅವಳಿಗೇ ತಿಳಿಯದು. ನೆಟ್ಟಗೆ ಗುಂಡಿಯ ಹತ್ತಿರ ಓಡಿದಳು. ಬಿಳಿಯ ನೊರೆ ಏಳುತ್ತಿತ್ತು, ಒಳಗೇನೂ ಕಾಣದು. ಬಿದಿರು ಗಳವೊಂದನ್ನು ಹಾಕಿ ತಡಕಿದಳು. ಮೆತ್ತಗಿನದೇನೋ ತಗುಲಿತು. ಎಳೆದರೆ ಬಂದದ್ದು ಗೋಣಿಚೀಲ.

“ಇಲ್ಲೈತೆ ಕಣೇ ಮಗ!” ಜೊತೆಗೆ ಕೆಲಸ ಮಾಡುವ ನೀಲಗಂಗಮ್ಮ ಇಟ್ಟಿಗೆ ರಾಶಿಯ ಹಿಂದಿನಿಂದ ಕೂಗಿದಳು.

ಕೆಂಪಿ ಬಿಕ್ಕುತ್ತ ಕೂತಿದ್ದಳು. ಬೆರಳಿಗೆಲ್ಲ ಸುಣ್ಣ ಮೆತ್ತಿತ್ತು. ಗುಂಡಿಯ ಅಂಚಿನವರೆಗೂ ಹೋಗಿ ಬಂದಿದ್ದಳು. ತೊಳೆದಾಗ ಚರ್ಮ ಕೆಂಪಗೆ ಸುಲಿದುಬಂತು. ಅಕ್ಕಯಮ್ಮ ಆ ಕೈಗೆ ಸೆರಗಿನಿಂದ ಗಾಳಿ ಹಾಕುತ್ತ ಕೂತಳು.

“ನಂದೂ ಎರಡು ಮಕ್ಳವೆ, ಮನೇಲಿ ಅವುಗಳಷ್ಟಕ್ಕೇ ಬಿಟ್ ಬಂದಿವ್ನಿ,” ಎಂದಳು ನೀಲಗಂಗಮ್ಮ. “ನಾಳೆ ನಾನು ಕೆಳಗಿದ್ದು ಮೂರೂ ಮಕ್ಳನ್ನ ನೋಡ್ಕೊತೀನಿ, ನಾಡಿದ್ದು ನೀನು. ಬಂದ ಕೂಲಿ ಹಂಚ್ಕೊಳ್ಳಾಣ.”

“ಅರ್ಧ ಕೂಲೀಲಿ ಏನ್ ತಿನ್ನಾದಕ್ಕ?”

“ಅರ್ಧ ಹೊಟ್ಟೆ ತಿನ್ನಾಣ. ಮಕ್ಳು ಉಳೀಲಿ.”

ಹಾಗೇ ಆಯಿತು. ಮರುದಿನ ಅಕ್ಕಯಮ್ಮ ಒಬ್ಬಳೇ ಸಾರವೆ ಹತ್ತಿದಳು. ಕೆಳಗೆ ಕಾಯುವವಳಿದ್ದರೂ ಕಿವಿ ಮರದ ಕಡೆಗೇ ಇತ್ತು. ಮಗಳು ಅಳುವುದು ಕೇಳಿಸುತ್ತಿದ್ದರೆ ಕೈ ಕೆಲಸ ಮಾಡುತ್ತಿತ್ತು. ಸದ್ದಡಗಿದರೆ ಬಾಂಡ್ಲಿ ಹಿಡಿದವಳು ಹಾಗೇ ನಿಂತುಬಿಡುತ್ತಿದ್ದಳು.