ಮೊಲದ ಕಣ್ಣಿಗೆ ಹಾಕದ ಕ್ರೀಮು

ವಿನೋಬನಗರದ ಮನೆಯ ಮುಂದಿನ ಕೋಣೆಯಲ್ಲಿ ಸಂಧ್ಯಾ ಬ್ಯೂಟಿ ಪಾರ್ಲರ್ ತೆರೆದು ಎರಡು ವರ್ಷವಾಗಿತ್ತು. ಗಂಡ ಯೋಗೇಶ್ ರಜೆ ಹಾಕಿ ಗೋಡೆಗೆ ಕನ್ನಡಿ ಕೂರಿಸಿಕೊಟ್ಟಿದ್ದ. ತಾಯಿ ಹಾಲಮ್ಮ ಭದ್ರಾವತಿಯಿಂದ ಬಂದು ಪೂಜೆ ಮಾಡಿಸಿದ್ದಳು. ತಂದೆ ಜಯಪ್ಪ ಮಾತ್ರ ಒಂದು ದಿನವೂ ಆ ಕೋಣೆಗೆ ಕಾಲಿಟ್ಟಿರಲಿಲ್ಲ. ಮಗಳ ಮನೆಗೆ ಬಂದರೆ ಹಿತ್ತಿಲ ಬಾಗಿಲಿನಿಂದ ಒಳಗೆ ಬರುತ್ತಿದ್ದ. ಹೆಣ್ಣುಮಕ್ಕಳು ಬಣ್ಣ ಬಳಿದುಕೊಳ್ಳುವುದು ಅವನಿಗೆ ಸೇರದು ಎಂದೇ ಸಂಧ್ಯಾ ತಿಳಿದಿದ್ದಳು. ಅವಳು ಚಿಕ್ಕವಳಿದ್ದಾಗ ಅವನು ಹದಿನಾಲ್ಕು ವರ್ಷ ಬೆಂಗಳೂರಿನ ಯಾವುದೋ ಲ್ಯಾಬ್‌ನಲ್ಲಿ ಕೆಲಸಕ್ಕಿದ್ದ. ಹಬ್ಬಕ್ಕೆ ಬರುವಾಗ ಲಂಗದ ಬಟ್ಟೆ, ಸಿಹಿ ಎಲ್ಲ ತರುತ್ತಿದ್ದ. ಒಂದು ಪೌಡರ್ ಡಬ್ಬಿಯನ್ನು ಮಾತ್ರ ತಂದವನಲ್ಲ.

2003ರ ಸಂಕ್ರಾಂತಿ ಕಳೆದ ಮೇಲೆ ಅಕ್ಷರಾ ಎಂಬ ಹುಡುಗಿ ಮದುವೆಯ ಅಲಂಕಾರಕ್ಕೆ ಹೇಳಲು ಬಂದಳು. ಬಿ.ಎಸ್ಸಿ. ಕೊನೆಯ ವರ್ಷದವಳು. ಪರೀಕ್ಷೆ ಮುಗಿದು, ಮೇ ತಿಂಗಳಲ್ಲಿ ಮದುವೆ.

“ಅಕ್ಕ, ಒಂದೇ ಒಂದು ಕಂಡೀಷನ್. ಪ್ರಾಣಿಗಳ ಮೇಲೆ ಟೆಸ್ಟ್ ಮಾಡಿದ್ದು ಏನನ್ನೂ ನಂಗೆ ಹಚ್ಚಬೇಡಿ.”

“ಹಂಗಂದ್ರೆ?”

“ಉರಿಯುತ್ತಾ ಇಲ್ವಾ ಅಂತ ಮೊಲದ ಕಣ್ಣಿಗೆ ಹಾಕಿ ನೋಡ್ತಾರಂತೆ. ಪೇಪರಲ್ಲಿ ಓದ್ದೆ. ನಮ್ಮನೇಲಿ ಮೊಟ್ಟೆ ಸಹ ಮುಟ್ಟಲ್ಲ. ಮುಖಕ್ಕೆ ಮಾತ್ರ ಅದನ್ನ ಬಳ್ಕೊಂಡು ಹಸೆಮಣೆ ಮೇಲೆ ಕೂತ್ಕೊಳ್ಳಲಾ?”

“ಅಯ್ಯೋ ಮಾರಾಯ್ತಿ, ಅದನ್ನೆಲ್ಲ ಡಬ್ಬಿ ಮೇಲೆ ಬರೆದಿರ್ತಾರಾ?” ಎಂದು ಸಂಧ್ಯಾ ನಕ್ಕಳು. ಹುಡುಗಿ ನಗಲಿಲ್ಲ.

ಅವತ್ತಿನಿಂದ ಸಂಧ್ಯಾ ಹುಡುಕಲು ಶುರುಮಾಡಿದಳು. ಗಾಂಧಿ ಬಜಾರಿನಲ್ಲಿ ಅವಳಿಗೆ ಸಾಮಾನು ಕೊಡುತ್ತಿದ್ದ ಚಂದ್ರಶೇಖರಪ್ಪ, “ಹರ್ಬಲ್ ಇದು ತಗೋಳಮ್ಮ. ಎಲೆ ಚಿತ್ರ ಹಾಕಿದಾರೆ ನೋಡು, ಇನ್ನೇನು ಬೇಕು?” ಎಂದು ಒಂದು ಡಬ್ಬಿ ಮುಂದೆ ತಳ್ಳಿದ. ಸವಳಂಗ ರಸ್ತೆಯ ಇನ್ನೊಂದು ಅಂಗಡಿಯವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಕೊನೆಗೆ ಅಕ್ಷರಾ ಇಂಗ್ಲಿಷಿನಲ್ಲಿ ಪತ್ರ ಬರೆದಳು. ಡಬ್ಬಿಗಳ ಮೇಲಿದ್ದ ವಿಳಾಸ ನೋಡಿ ಸಂಧ್ಯಾ ಆರು ಕಂಪನಿಗಳಿಗೆ ಅಂಚೆಗೆ ಹಾಕಿದಳು. ಮೊದಮೊದಲು ಅದು ಗಿರಾಕಿಯ ಹಟವಾಗಿತ್ತು. ಬರಬರುತ್ತಾ ಅವಳಿಗೇ ಕಪಾಟಿನ ಮುಂದೆ ನಿಂತಾಗ ಆ ಬಾಟಲಿಗಳು ಬೇರೆಯಾಗಿ ಕಾಣತೊಡಗಿದವು.

ಎರಡು ತಿಂಗಳಾದ ಮೇಲೆ ಒಂದೇ ಒಂದು ಉತ್ತರ ಬಂತು. “ನಮ್ಮ ಕಾರ್ಖಾನೆಯಲ್ಲಿ ಪ್ರಾಣಿಗಳ ಮೇಲೆ ಯಾವ ಪರೀಕ್ಷೆಯನ್ನೂ ನಡೆಸುವುದಿಲ್ಲ” ಎಂದು ಅಕ್ಷರಾ ಓದಿ ಹೇಳಿ, ಸಂಧ್ಯಾಳನ್ನು ತಬ್ಬಿಕೊಂಡಳು. ಫೌಂಡೇಷನ್‌ನಿಂದ ಲಿಪ್‌ಸ್ಟಿಕ್‌ವರೆಗೆ ಎಲ್ಲವನ್ನೂ ಅದೇ ಕಂಪನಿಯದು ತರಿಸಿದರು.

ಮದುವೆಗೆ ಎಂಟು ದಿನವಿರುವಾಗ ಸಂಧ್ಯಾ ಮೂರು ವರ್ಷದ ಮಗಳು ಸ್ಪಂದನಾಳನ್ನು ಕರೆದುಕೊಂಡು ಭದ್ರಾವತಿಗೆ ಹೋದಳು. ಜನ್ನಾಪುರದ ತವರುಮನೆಯ ಜಗಲಿಯ ಮೇಲೆ ಜಯಪ್ಪ ಮೊಮ್ಮಗಳಿಗೆ ಮೊಸರನ್ನದ ತುತ್ತು ಮಾಡಿ ತಿನ್ನಿಸುತ್ತಿದ್ದ. ಆ ಮಗು ಅಜ್ಜನ ಕೈಯಿಂದ ಉಣ್ಣುವಷ್ಟು ಇನ್ನೊಬ್ಬರ ಕೈಯಿಂದ ಉಣ್ಣುತ್ತಿರಲಿಲ್ಲ. ಸಂಧ್ಯಾ ತಾಯಿಗೆ ಪತ್ರದ ಕಥೆಯನ್ನೆಲ್ಲ ಹೆಮ್ಮೆಯಿಂದ ಹೇಳಿದಳು.

“ಯಾವ ಕಂಪ್ನಿ?” ಎಂದು ಜಯಪ್ಪ ಕೇಳಿದ.

ಅವಳು ಹೆಸರು ಹೇಳಿದಳು. ಅವನು ತುತ್ತನ್ನು ತಟ್ಟೆಗೆ ಹಾಕಿದ.

“ಅವರ ಕಾರ್ಖಾನೇಲಿ ಮಾಡಲ್ಲ ಮಗ. ಬರೆದಿರೋದು ನಿಜವೇ. ನಮ್ಮ ಲ್ಯಾಬಿಗೆ ಕಳಿಸಿ ಮಾಡಿಸ್ತಿದ್ರು.”

ಒಳಗಿನಿಂದ ಹಾಲಮ್ಮ ಬಂದು ಬಾಗಿಲಲ್ಲಿ ನಿಂತಳು. ಜಯಪ್ಪ ಅಂಗಳವನ್ನು ನೋಡುತ್ತಾ ಹೇಳಿದ. ಭದ್ರಾವತಿಯಲ್ಲಿ ಗುತ್ತಿಗೆ ಕೆಲಸ ತಪ್ಪಿದ ಮೇಲೆ ಅವನಿಗೆ ಸಿಕ್ಕಿದ್ದು ಮೊಲಗಳನ್ನು ನೋಡಿಕೊಳ್ಳುವ ಕೆಲಸ. ಸಾಲಾಗಿ ಮರದ ಪೆಟ್ಟಿಗೆಗಳು, ಮೊಲದ ತಲೆ ಮಾತ್ರ ಹೊರಗೆ. ಒಂದು ಕಣ್ಣಿಗೆ ಹಾಕುವುದು, ಇನ್ನೊಂದನ್ನು ಹಾಗೇ ಬಿಡುವುದು, ಮೂರು ದಿನ ಹೋಲಿಸಿ ನೋಡುವುದು.

“ಬೆಳಿಗ್ಗೆ ಸೊಪ್ಪು ಹಾಕೋನೂ ನಾನೇ, ರೆಪ್ಪೆ ಬಿಡಿಸಿ ಹಿಡ್ಕೊಳ್ಳೋನೂ ನಾನೇ. ನನ್ನ ಹೆಜ್ಜೆ ಸದ್ದು ಕೇಳಿದ್ರೆ ಸೊಪ್ಪು ಬಂತು ಅಂತ ಕಿವಿ ನಿಮಿರಿಸ್ತಿದ್ವು. ಅವು ಕೂಗಲ್ಲ ಕಣಮ್ಮ. ನಿನ್ನ ಪಾರ್ಲರಿಂದ ಅದೇ ವಾಸನೆ ಬರುತ್ತೆ. ಅದಕ್ಕೇ ನಂಗೆ ಒಳಗೆ ಬರೋಕಾಗಲ್ಲ.”

“ಈಗಲೂ ಮಾಡಿಸ್ತಾರಾ?”

“ನಾನು ಬಿಟ್ಟು ಐದು ವರ್ಷ ಆಯ್ತು. ನಿಲ್ಸಿದಾರೋ ಏನೋ, ಗೊತ್ತಿಲ್ಲ.”

ಸಂಧ್ಯಾಳಿಗೆ ಎಲ್ಲಿಲ್ಲದ ಸಿಟ್ಟು ಬಂತು. ತಂದೆ ಇಷ್ಟು ವರ್ಷ ಮುಚ್ಚಿಟ್ಟಿದ್ದಕ್ಕೋ, ಈಗ ಹೇಳಿದ್ದಕ್ಕೋ, ಅವಳಿಗೇ ತಿಳಿಯಲಿಲ್ಲ.

“ಆ ಕೈಯಲ್ಲೇ ನನ್ನ ಮಗೂಗೆ ತುತ್ತು ತಿನ್ನಿಸ್ತೀಯಲ್ಲಪ್ಪ!” ಎಂದುಬಿಟ್ಟಳು.

ಜಯಪ್ಪ ಎದ್ದು ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡ. ನೀರು ಸುರಿಯುವ ಸದ್ದು ಬಹಳ ಹೊತ್ತು ಕೇಳಿಸಿತು. ಸಂಧ್ಯಾ ಊಟಕ್ಕೆ ನಿಲ್ಲದೆ ಬಸ್ಸು ಹತ್ತಿದಳು.

ಆ ಎಂಟು ದಿನಗಳಲ್ಲಿ ಅಕ್ಷರಾ ಮೂರು ಸಲ ಬಂದಳು. ಮೂರು ಸಲವೂ ಸಂಧ್ಯಾ ಹೇಳಬೇಕೆಂದು ಬಾಯಿ ತೆರೆದು, ಸೀರೆಯ ಬಣ್ಣದ ವಿಷಯ ಮಾತಾಡಿ ಕಳಿಸಿದಳು. ನಿಲ್ಲಿಸಿರಬಹುದಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಮದುವೆಯ ಬೆಳಿಗ್ಗೆ ಕಲ್ಯಾಣ ಮಂಟಪದಲ್ಲಿ ಅಕ್ಷರಾ ಕಣ್ಣು ಮುಚ್ಚಿ ಮುಖ ಎತ್ತಿ ಕೂತಳು. ಸಂಧ್ಯಾ ಬೆರಳಿನಿಂದ ಅವಳ ರೆಪ್ಪೆಯ ಮೇಲೆ ಬಣ್ಣ ಸವರಿದಳು. ಬಣ್ಣ ರೆಪ್ಪೆಯಂಚು ದಾಟಿತು. ಹತ್ತಿಯಿಂದ ಒರೆಸಿ ಮತ್ತೆ ಹಚ್ಚಬೇಕಾಯಿತು. ನೋಡಲು ಬಂದ ನೆಂಟರಿಗೆಲ್ಲ ಅಕ್ಷರಾ, “ಒಂದು ಪ್ರಾಣಿಗೂ ನೋವು ಮಾಡದೆ ತಯಾರಿಸಿದ್ದು ಇದು. ಸಂಧ್ಯಕ್ಕ ಊರೆಲ್ಲ ಹುಡುಕಿ ತಂದ್ರು” ಎಂದು ಹೇಳುತ್ತಿದ್ದಳು. ಹೆಂಗಸರು ಸಂಧ್ಯಾಳ ಕಡೆ ನೋಡಿ ಮೆಚ್ಚಿ ತಲೆ ಆಡಿಸಿದರು. ಅವಳು ಬಗ್ಗಿ ಬಾಚಣಿಗೆ, ಪಿನ್ನುಗಳನ್ನು ಚೀಲಕ್ಕೆ ತುಂಬಿದಳು.

ಎರಡು ವಾರ ಕಳೆದ ಮೇಲೆ ಅವಳು ಭದ್ರಾವತಿಗೆ ಹೋದಳು. ಊಟದ ಹೊತ್ತು. ಸ್ಪಂದನಾ ಓಡಿಹೋಗಿ ಅಜ್ಜನ ತೊಡೆಯ ಮೇಲೆ ಕೂತು ಬಾಯಿ ತೆರೆದಳು. ಜಯಪ್ಪ ಎರಡೂ ಕೈಗಳನ್ನು ಹಿಂದಕ್ಕೆ ಎಳೆದುಕೊಂಡು, “ಇವಳೇ, ಮಗೂಗೆ ಬಂದು ತಿನ್ಸು” ಎಂದು ಹಾಲಮ್ಮನನ್ನು ಕೂಗಿದ.

“ಅಪ್ಪ, ನೀನೇ ತಿನ್ಸು.”

“ಬೇಡ ಬಿಡಮ್ಮ.”

“ಸಿಟ್ಟಲ್ಲಿ ಏನೋ ಅಂದೆ. ತಪ್ಪಾಯ್ತು.”

“ತಪ್ಪೇನಿಲ್ಲ. ನಂಗೂ ಎಷ್ಟೋ ಸಲ ಹಂಗೇ ಅನ್ಸಿತ್ತು. ನಿನ್ನ ಬಾಯಲ್ಲಿ ಬಂತು ಅಷ್ಟೇ.”

ಅವಳು ಅಕ್ಷರಾಳ ಮದುವೆಯ ದಿನದ ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. ತಾನು ಮದುವೆಗೆ ಮುಂಚಿನ ಎಂಟು ದಿನ ಬಾಯಿ ಮುಚ್ಚಿಕೊಂಡಿದ್ದು, ಅದೆಷ್ಟು ಸಲೀಸಾಗಿತ್ತು ಎನ್ನುವುದನ್ನೂ ಹೇಳಿದಳು. ಜಯಪ್ಪ ಪೂರ್ತಿ ಕೇಳಿಸಿಕೊಂಡು, “ಈಗಲೇ ಹೇಳಿಬಿಡು. ದಿನ ಹೋದಂಗೆ ಕಷ್ಟ ಆಗುತ್ತೆ” ಎಂದ.

ಬೀದಿ ತಿರುವಿನ ಎಸ್‌ಟಿಡಿ ಬೂತಿನಿಂದ ಸಂಧ್ಯಾ ದಾವಣಗೆರೆಗೆ, ಅಕ್ಷರಾಳ ಗಂಡನ ಮನೆಗೆ ಫೋನ್ ಮಾಡಿದಳು. ಜಯಪ್ಪ ಹೊರಗೆ ನಿಂತಿದ್ದ. ಅವಳು ಎಲ್ಲವನ್ನೂ ಹೇಳಿ ಮುಗಿಸಿದಳು.

“ಮದುವೆಗೆ ಮುಂಚೆನೇ ಗೊತ್ತಿತ್ತಾ ನಿಮಗೆ?”

“ಹೂಂ. ಗೊತ್ತಿತ್ತು.”

“ಒಂದು ಮಾತು ಹೇಳಿದ್ರೆ ಬರೀ ಅರಿಶಿನ ಹಚ್ಕೊಂಡು ಕೂರ್ತಿದ್ದೆ ಅಕ್ಕ” ಎಂದಳು ಅಕ್ಷರಾ. ಆಮೇಲೆ, ಅತ್ತೆ ಕರೆಯುತ್ತಿದ್ದಾರೆ ಎಂದು ಫೋನ್ ಇಟ್ಟಳು. ಮುಂದೆ ಅವಳ ತಂಗಿಯ ಮದುವೆಯಾದಾಗ ಅಲಂಕಾರಕ್ಕೆ ಬೇರೆ ಯಾರನ್ನೋ ಕರೆಸಿದರೆಂದು ಸಂಧ್ಯಾಳಿಗೆ ತಿಳಿಯಿತು.

ಬೂತಿನಿಂದ ಹೊರಗೆ ಬಂದವಳನ್ನು ಜಯಪ್ಪ ಕೇಳಿದ: “ಏನಂದ್ಲು?”

“ಬೈಲಿಲ್ಲ ಅಪ್ಪ.”

“ಬೈದಿದ್ರೆ ವಾಸಿಯಿತ್ತು” ಎಂದು ಅವನು ಮನೆಯ ದಾರಿ ಹಿಡಿದ. ಸಂಧ್ಯಾ ಅವನ ಪಕ್ಕದಲ್ಲೇ ನಡೆದಳು. ಕೈ ಹಿಡಿದುಕೊಳ್ಳಬೇಕು ಅನ್ನಿಸಿತು. ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ.