ಹೊಲದ ಸಂಗಡ ಬಂದ ಹುಲಿ

ಹೊಲ ಕೊಳ್ಳುವ ವಿಷಯದಲ್ಲಿ ನಮ್ಮ ಅಕ್ಕನ ಗಂಡ ಅಣವೀರಪ್ಪನವರಿಗೆ ಬುದ್ಧಿ ಹೇಳುವಂಥ ಗಂಡಸು ಇಡೀ ಕಲಬುರಗಿಯಲ್ಲಿ ಇರಲಿಲ್ಲ. ಹಾಗಂತ ಅವರೇ ಹೇಳುತ್ತಿದ್ದರು. ನಿಜಾಮರ ಅದಾಲತ್ತಿನಲ್ಲಿ ಪೇಶ್ಕಾರರಾಗಿ ನ್ಯಾಯಾಧೀಶರ ಮುಂದೆ ಇಪ್ಪತ್ತೆಂಟು ವರ್ಷ ಅವರು ಓದಿದ್ದು ಹೊಲದ ಜಗಳದ ಕಾಗದಗಳನ್ನೇ. ಬದು ಒತ್ತಿದವರು, ಬಾವಿ ಮುಚ್ಚಿದವರು, ಅಣ್ಣನಿಗೆ ತಿಳಿಯದಂತೆ ಅಣ್ಣನ ಪಾಲನ್ನೂ ಮಾರಿದವರು, ಎಲ್ಲರೂ ಅವರ ಮುಂದೆ ಕೈಕಟ್ಟಿ ನಿಂತು ಹೋಗಿದ್ದರು. ಚಷ್ಮಾದ ಮೇಲಿಂದ ಅವರು ಒಮ್ಮೆ ದಿಟ್ಟಿಸಿದರೆ ಸಾಕು, ಸುಳ್ಳು ಸಾಕ್ಷಿಗೆ ಬಂದವನು ತನ್ನ ಅಪ್ಪನ ಹೆಸರನ್ನೂ ಮರೆಯುತ್ತಿದ್ದ. ಅವರು ನಕ್ಕಿದ್ದನ್ನು ನಾನಂತೂ ನೋಡಿರಲಿಲ್ಲ.

ಇಷ್ಟೆಲ್ಲ ಇದ್ದೂ ಅವರಿಗೆ ಸ್ವಂತದ್ದು ಅಂತ ಒಂದು ಗುಂಟೆ ಹೊಲ ಇರಲಿಲ್ಲ. ಇದು ಸಣ್ಣ ದುಃಖವಲ್ಲ. ಚಳಿಗಾಲ ಬಂತೆಂದರೆ ಕಚೇರಿಯ ಒಬ್ಬೊಬ್ಬರೂ ತಮ್ಮ ತಮ್ಮ ಹೊಲಕ್ಕೆ ಸೀತನಿ ತಿನ್ನಲು ಕರೆಯುತ್ತಿದ್ದರು. ಎಳೆ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಡಿದು ಕಾಳು ಉದುರಿಸಿ, ಬಿಸಿಬಿಸಿಯಾಗಿ ಶೇಂಗಾ ಹಿಂಡಿ ಜೊತೆ ಮುಂದಿಟ್ಟರೆ ಯಾರಿಗೆ ಬೇಡ? ಅಣವೀರಪ್ಪನವರಿಗೂ ಬೇಕಿತ್ತು. ಆದರೆ ತಿಂದು ಮನೆಗೆ ಬಂದ ದಿನ ಅವರು ಯಾರೊಡನೆಯೂ ಮಾತಾಡುತ್ತಿರಲಿಲ್ಲ.

"ಇಪ್ಪತ್ತೆಂಟು ವರ್ಷ ಮಂದಿ ಸೀತನಿ ತಿಂದೀನಿ, ಮಲ್ಲಣ್ಣ," ಅಂದರು ಒಮ್ಮೆ ನನಗೆ. "ಪಿಂಚಣಿ ಆಗೋದ್ರೊಳಗ ಒಮ್ಮೆರೆ ಮುನ್ಸೀಫ್ ಸಾಹೇಬ್ರನ್ನ ನನ್ನ ಹೊಲಕ್ಕ ಕರೀಬೇಕು. ನಾ ಕೊಡಬೇಕು, ಅವ್ರು ತಿನ್ನಬೇಕು."

ಪಿಂಚಣಿಗೆ ಒಂದೇ ವರ್ಷ ಉಳಿದಿತ್ತು. ಅದು ಸಾವಿರದ ಒಂಬೈನೂರ ಇಪ್ಪತ್ತನೇ ಇಸವಿ. ಕಮಲಾಪುರದಲ್ಲಿ ಪೀರಪ್ಪ ಎಂಬವನು ನಾಲ್ಕು ಎಕರೆ ಕರಿ ಹೊಲ ಮಾರುತ್ತಾನೆಂದು ಸುದ್ದಿ ಬಂದದ್ದೇ ತಡ, ನಾನು ಬಜಾರಿನ ಅಂಗಡಿಗೆ ಬೀಗ ಹಾಕಿ ಅವರ ಜೊತೆ ಬಂಡಿ ಹತ್ತಬೇಕಾಯಿತು. ಬಂಡಿಯಲ್ಲಿ ಅವರು ತೊಡೆಯ ಮೇಲೆ ಒಂದು ಕಾಗದ ಇಟ್ಟುಕೊಂಡಿದ್ದರು. ಹೊಲ ಕೊಳ್ಳುವ ಮೊದಲು ಕೇಳಬೇಕಾದ ಹತ್ತೊಂಬತ್ತು ಪ್ರಶ್ನೆಗಳು.

ಪೀರಪ್ಪ ಐವತ್ತು ದಾಟಿದ ಸಣಕಲು ಮನುಷ್ಯ. ಮೊಣಕಾಲು ಹಿಡಿದುಕೊಂಡೇ ಏಳುತ್ತಿದ್ದ, ಕೂರುತ್ತಿದ್ದ. ಮೂವರು ಹೆಣ್ಣುಮಕ್ಕಳೂ ಗಂಡನ ಮನೆ ಸೇರಿದ್ದರು, ಗಂಡುಮಕ್ಕಳಿರಲಿಲ್ಲ. ಹೊಲದ ಬದುವಿನ ಮೇಲಿದ್ದ ಹುಣಸೆ ಗಿಡದ ಕೆಳಗೆ ನಮ್ಮನ್ನು ಕೂರಿಸಿದ. ಅಣವೀರಪ್ಪನವರು ಚಷ್ಮಾ ಏರಿಸಿ ಶುರು ಮಾಡಿದರು.

"ಅಣ್ಣತಮ್ಮರು ಎಷ್ಟು ಮಂದಿ?"

"ನಾ ಒಬ್ಬನೇ ರೀ."

"ಬಂಡಿ ಹಾದಿ ಯಾರ ಹೊಲದಾಗಿಂದ ಬರ್ತದ?"

"ಯಾರದೂ ಅಲ್ರಿ, ಸರ್ಕಾರಿ ಹಾದಿ."

"ಮಳೆಗಾಲದಾಗ ನೀರು ನಿಲ್ತದೇನು? ಹೊಲದಾಗ ಯಾರದರೆ ಗೋರಿ ಅದ ಏನು? ಕಂದಾಯ ಬಾಕಿ?"

ಎಲ್ಲದಕ್ಕೂ ಪೀರಪ್ಪ ಇಲ್ಲ ಅಂದ, ನಗುತ್ತಲೇ ಅಂದ. ಅಣವೀರಪ್ಪನವರು ಬಾವಿಯ ನೀರನ್ನು ಮೂರು ಗುಟುಕು ಕುಡಿದರು. ಹೊಲದ ನಾಲ್ಕು ಮೂಲೆಯ ಮಣ್ಣನ್ನು ನಾಲಿಗೆಯ ಮೇಲಿಟ್ಟು ನೋಡಿದರು. ಮೂರನೆಯ ಮೂಲೆಯಲ್ಲಿ ಅದು ಮಣ್ಣಾಗಿರಲಿಲ್ಲ, ಆದರೆ ಅದನ್ನು ನಾನು ಅವರಿಗೆ ಇಂದಿಗೂ ಹೇಳಿಲ್ಲ. ಪೀರಪ್ಪ ಆಗಲೂ ನಗುತ್ತಲೇ ಇದ್ದ. ಹೊಲ ಕಳೆದುಕೊಳ್ಳುವವನು ಇಷ್ಟು ಖುಷಿಯಾಗಿ ಯಾಕಿದ್ದಾನೆ ಅನ್ನುವುದು ಅವರ ಹತ್ತೊಂಬತ್ತರಲ್ಲಿ ಇರಲಿಲ್ಲ.

ತಕರಾರು ಬಂದದ್ದು ಹುಣಸೆ ಗಿಡದ ಮೇಲೆ ಮಾತ್ರ. "ಗಿಡದ ಮಾತು ಆಮ್ಯಾಲ ನೋಡೋಣಂತ್ರಿ," ಅಂದ ಪೀರಪ್ಪ. ಇಂಥ 'ಆಮ್ಯಾಲ'ಗಳಿಂದ ಹುಟ್ಟಿದ ಎಷ್ಟೋ ಖಟ್ಲೆಗಳನ್ನು ಅಣವೀರಪ್ಪನವರು ಕಂಡಿದ್ದರು. ಕಾಗದ ಬರೆಯುವಾಗ ತಮ್ಮ ಕೈಯಾರೆ ಒಂದು ಸಾಲು ಸೇರಿಸಿದರು: 'ಈ ಹೊಲಕ್ಕೆ ಸಂಬಂಧಪಟ್ಟು ಹಿಂದಿನಿಂದ ನಡೆದುಬಂದದ್ದು ಏನೇನು ಉಂಟೋ ಅದೆಲ್ಲವೂ ಇನ್ನು ಮೇಲೆ ಕೊಂಡವನದು, ಮಾರಿದವನಿಗೆ ಅದರಲ್ಲಿ ಯಾವ ಹಕ್ಕೂ ಇಲ್ಲ.'

"ಇನ್ನೊಮ್ಮೆ ಓದ್ರಿ," ಅಂದ ಪೀರಪ್ಪ.

ಓದಿದರು. ಅವನು ಮೇಲೆ ನೋಡಿ ಕೈಮುಗಿದು, ಹೆಬ್ಬೆಟ್ಟು ಒತ್ತಿ, ಎರಡೂ ಮೊಣಕಾಲನ್ನು ಸವರಿಕೊಂಡ. ದಾರಿಯುದ್ದಕ್ಕೂ ಅಣವೀರಪ್ಪನವರು ಆ ಸಾಲನ್ನು ನನಗೆ ಏಳು ಸಲ ಹೇಳಿದರು.

ಹಿಂಗಾರಿ ಬಿತ್ತನೆಯ ದಿನ ಹತ್ತಿರ ಬಂತು. ಎತ್ತುಗಳನ್ನು ಗೊತ್ತು ಮಾಡಲು ಕಮಲಾಪುರಕ್ಕೆ ಹೋದೆವು. ಊರಲ್ಲಿ ನಾಲ್ಕು ಜೋಡಿ ಎತ್ತಿದ್ದ ಮಾಣಿಕಪ್ಪ ನಮಸ್ಕಾರ ಮಾಡಿ, ನೀರು ಕೊಟ್ಟು, "ಹುಲಿ ಆದ ಮ್ಯಾಲ ಬರ್ತೀನ್ರಿ," ಅಂದ.

"ಯಾವ ಹುಲಿ?" ಅಂದರು ಅಣವೀರಪ್ಪನವರು.

ಮಾಣಿಕಪ್ಪ ನನ್ನನ್ನು ನೋಡಿದ, ನನಗೂ ಏನೂ ಗೊತ್ತಿರಲಿಲ್ಲ. ಕೊನೆಗೆ ಅವನು ನಮ್ಮನ್ನು ಲಾಲ್ ಅಹ್ಮದರ ಬಳಿಗೆ ಕರೆದೊಯ್ದ. ಮೊಹರಂನಲ್ಲಿ ಕೂರಿಸುವ ಊರಿನ ಪೀರಗಳನ್ನು, ಅಂದರೆ ಪಂಜಾಗಳನ್ನು, ನೋಡಿಕೊಳ್ಳುವ ಮುಜಾವರರು, ಬೆಳ್ಳಗಿನ ಗಡ್ಡದ ಹಿರಿಯರು. ಅವರು ನಿಧಾನವಾಗಿ ಹೇಳಿದರು. ಪೀರಪ್ಪನ ಮುತ್ತಜ್ಜ ಸಾಯುವಂಥ ಬೇನೆಯಿಂದ ಎದ್ದಾಗ ಹರಕೆ ಹೊತ್ತಿದ್ದನಂತೆ: ಈ ಹೊಲದ ಜೋಳ ಉಣ್ಣುವವನು ಮೊಹರಂನಲ್ಲಿ ಹುಲಿಯಾಗಿ ಪೀರಗಳ ಮುಂದೆ ಕುಣಿಯಬೇಕು, ಮನೆಮನೆಗೂ ಹೋಗಬೇಕು. ನಾಲ್ಕು ತಲೆಮಾರು ತಪ್ಪಿಲ್ಲ. ಹುಲಿ ಕುಣಿಯದ ವರ್ಷ ಆ ಹೊಲಕ್ಕೆ ಊರಿನ ಯಾರೂ ಎತ್ತು ಹೂಡುವುದಿಲ್ಲ.

"ಇದು ಕಾಗದದಾಗ ಇಲ್ಲ!" ಎಂದು ಅಣವೀರಪ್ಪನವರು ಗುಡುಗಿದರು.

"ಕಾಗದ ತೆಗೀರಿ ಸಾಹೇಬ್ರ," ಅಂದರು ಲಾಲ್ ಅಹ್ಮದ್. ತೆಗೆದರು. ಮುದುಕರು ಬೆರಳಿಟ್ಟು, ನಡೆದುಬಂದದ್ದು ಏನೇನು ಉಂಟೋ ಅದೆಲ್ಲವೂ ಎಂಬಲ್ಲಿ ನಿಂತರು. "ಈ ಅಕ್ಷರ ಯಾರ್ದರಿ?"

"ನಂದೇ," ಅಂದರು ಅಣವೀರಪ್ಪನವರು. ಧ್ವನಿ ಬಾವಿಯೊಳಗಿಂದ ಬಂತು.

ಹಿಂದಿರುಗುವಾಗ ಬಂಡಿಯಲ್ಲಿ ಅವರು ನನ್ನ ಹೆಗಲ ಮೇಲೆ ಕೈಯಿಟ್ಟರು. ಹಿಂದೆಂದೂ ಇಟ್ಟವರಲ್ಲ. "ಮಲ್ಲಣ್ಣ, ನಿನ್ನ ಮೈಕಟ್ಟು ಛಲೋ ಅದ."

"ಕೊಂಡವನದು ಅಂತ ಬರ್ದದ, ಮಾಮಾ. ಹೆಂಡ್ತಿ ತಮ್ಮಂದು ಅಂತ ಎಲ್ಲೂ ಇಲ್ಲ," ಅಂದೆ.

ಮನೆಯಲ್ಲಿ ಎರಡು ದಿನ ಊಟ ಬಿಟ್ಟರು. ಶೇರ್ವಾನಿಯ ಗುಂಡಿ ಒಂದೂ ಬಿಚ್ಚದೆ ಬೇಸಿಗೆ ಕಳೆದವರು ಲಂಗೋಟಿ ಕಟ್ಟಿ ಊರ ಮುಂದೆ ಕುಣಿಯುವುದೇ? ಸುದ್ದಿ ಅದಾಲತ್ತಿಗೆ ಮುಟ್ಟಿದರೆ ನಾಳೆ ಯಾವ ಸಾಕ್ಷಿ ಅವರಿಗೆ ಹೆದರುತ್ತಾನೆ? ಕುಣಿಯದಿದ್ದರೆ ಬಿತ್ತನೆ ಇಲ್ಲ, ಬಿತ್ತನೆ ಇಲ್ಲದಿದ್ದರೆ ಸೀತನಿ ಇಲ್ಲ. ನನಗೆ ನಿಜಕ್ಕೂ ಅಯ್ಯೋ ಅನಿಸಿತು. ನಮ್ಮ ಅಕ್ಕ ಚಂದಮ್ಮನಿಗೆ ಹಾಗೇನೂ ಅನಿಸಲಿಲ್ಲ.

"ಹುಲಿ ಆದ್ರ ಏನಾತ್ರಿ?" ಅಂದಳು ರೊಟ್ಟಿ ಬಡಿಯುತ್ತ. "ಮನ್ಯಾಗ ದಿನಾ ಆಗ್ತೀರಲ್ಲ."

ಹೊಟ್ಟೆನೋವೆಂದು ರಜಾ ಬರೆದು, ಯಾರಿಗೂ ಬಾಯಿ ಬಿಡಬಾರದೆಂದು ನನ್ನಿಂದ ಆಣೆ ಮಾಡಿಸಿಕೊಂಡು ಅವರು ಕಮಲಾಪುರಕ್ಕೆ ಬಂದರು. ಲಂಗೋಟಿ ಕಟ್ಟಿದರು. ಮೈಗೆ ಹಳದಿ ಬಣ್ಣ ಬಳಿದರು. ಪೀರಪ್ಪನ ಮೈಗೆ ಸಾಕಾಗುತ್ತಿದ್ದ ಬಣ್ಣ ಇವರ ಹೊಟ್ಟೆಗೇ ಮುಗಿಯಿತು, ಮತ್ತೆ ಕಲಸಬೇಕಾಯಿತು. ಮೇಲೆ ದೀಪದ ಕಾಡಿಗೆಯ ಪಟ್ಟೆ, ಹಿಂದೆ ಹಗ್ಗದ ಬಾಲ. ಹಣೆಯ ವಿಭೂತಿ ಹಾಗೇ ಇರಲಿ ಅಂದರು ಲಾಲ್ ಅಹ್ಮದ್. ಚಷ್ಮಾ ಮಾತ್ರ ತೆಗೆಯಲು ಹೇಳಿದರು. ತೆಗೆದು ನಡೆದ ಹುಲಿ ಮೊದಲು ಹೋಗಿ ಗುದ್ದಿದ್ದು ಕಂಬಕ್ಕೆ. ಹೀಗಾಗಿ ಚಷ್ಮಾ ಹಾಕಿಕೊಂಡ ಹುಲಿ ಪೀರಗಳಿಗೆ ತಲೆಬಾಗಿ ಓಣಿಗೆ ಇಳಿಯಿತು.

ಪೀರಪ್ಪ ಕಟ್ಟೆಯ ಮೇಲೆ ಕಾಲು ಚಾಚಿ, ಬೆಲ್ಲ ಶೇಂಗಾ ತಿನ್ನುತ್ತ ಕೂತಿದ್ದ. ನಲವತ್ತು ವರ್ಷದಲ್ಲಿ ಮೊದಲ ಸಲ ಕೂತು ನೋಡುವ ಭಾಗ್ಯ ಅವನದು.

ಊರಿನ ಹಲಗೆಯವ ದತ್ತಪ್ಪ ಹಲಗೆ ಬಾರಿಸಿದ. ಹುಲಿ ಮೊದಲ ಮನೆಯ ಮುಂದೆ ಕೈಗಳನ್ನು ಹಿಂದೆ ಕಟ್ಟಿ ನಿಂತಿತು. ಎರಡನೇ ಮನೆಯ ಮುಂದೆ ಕೆಮ್ಮಿತು. ಮೂರನೇ ಮನೆಯ ಒಬ್ಬ ಪುಟ್ಟ ಹುಡುಗಿ, "ಯವ್ವಾ, ಹುಲಿ ಕಚೇರಿಗೆ ಹೊಂಟದ!" ಅಂದಳು. ಊರೆಲ್ಲ ಘೊಳ್ಳೆಂದಿತು.

ಅಣವೀರಪ್ಪನವರಿಗೆ ಸಿಟ್ಟು ನೆತ್ತಿಗೇರಿತು. ಬಗ್ಗಿ, ಚಷ್ಮಾದ ಮೇಲಿಂದ ಆ ಹುಡುಗಿಯನ್ನು ದಿಟ್ಟಿಸಿದರು. ಅದೇ ಅದಾಲತ್ತಿನ ನೋಟ. ಹುಡುಗಿ ಕಿಟಾರನೆ ಕಿರುಚಿ ತಾಯಿಯ ಸೆರಗಿನಲ್ಲಿ ಸೇರಿಕೊಂಡಳು, ಮರುಗಳಿಗೆಯೇ ಇಣುಕಿ ಕೇಕೆ ಹಾಕಿ ನಕ್ಕಳು. "ಇನ್ನೊಮ್ಮೆ ಮಾಡು!" ಅಂದಳು.

ಇಪ್ಪತ್ತೆಂಟು ವರ್ಷದಲ್ಲಿ ಆ ನೋಟವನ್ನು ಇನ್ನೊಮ್ಮೆ ಬೇಡಿದವರು ಯಾರೂ ಇರಲಿಲ್ಲ. ಹುಲಿ ಇನ್ನೊಮ್ಮೆ ಮಾಡಿತು. ಅದರ ಪಕ್ಕದ ಮನೆಗೂ ಮಾಡಿತು. ದತ್ತಪ್ಪ ಹಲಗೆಯ ಗತ್ತು ಏರಿಸಿದ, ಹುಲಿ ಜಿಗಿಯಿತು, ಹೊಟ್ಟೆ ಒಂದು ಗಳಿಗೆ ತಡವಾಗಿ ಜಿಗಿಯಿತು. ನಿಂಬೆಹಣ್ಣು ಕಚ್ಚಿತು, ಉರುಳಿತು, ಮಾಣಿಕಪ್ಪನನ್ನು ಅವನ ಬಣವೆಯ ಸುತ್ತ ಎರಡು ಸುತ್ತು ಓಡಿಸಿತು. ನಮ್ಮ ಭಾವ ಬಾಯಿ ತುಂಬ ನಗುತ್ತಿದ್ದರು! ನನಗೆ ಕಣ್ಣಲ್ಲಿ ನೀರು ಬಂತು. ಸಂಜೆ ಬಣ್ಣ ತೊಳೆಯೋಣ ಬನ್ನಿ ಅಂದರೆ, "ಇನ್ನೊಂದು ಓಣಿ ಉಳ್ದದ," ಎಂದು ಮತ್ತೆ ಓಡಿದರು.

ಕಟ್ಟೆಯ ಮೇಲೆ ಪೀರಪ್ಪನ ನಗು, ಹುಲಿ ಎರಡನೇ ಓಣಿ ಮುಟ್ಟುವಷ್ಟರಲ್ಲೇ ನಿಂತುಹೋಗಿತ್ತು. "ಹಂಗಲ್ರಿ, ಬಲಗಾಲು ಮೊದ್ಲು," ಎಂದು ಕೂಗಿದ. ಅವನ ಮಾತು ಯಾರ ಕಿವಿಗೂ ಬೀಳಲಿಲ್ಲ.

ಮರುದಿನ ಮಾಣಿಕಪ್ಪ ಕರೆಯದೆಯೇ ನಾಲ್ಕೂ ಜೋಡಿ ಎತ್ತು ತಂದ. ಜೋಳ ಆಳೆತ್ತರ ಬೆಳೆಯಿತು. ಚಳಿಗಾಲದಲ್ಲಿ ಮುನ್ಸೀಫ್ ಸಾಹೇಬರೂ ಇಡೀ ಕಚೇರಿಯೂ ಕಮಲಾಪುರಕ್ಕೆ ಬಂದು ಹುಣಸೆ ಗಿಡದ ಕೆಳಗೆ ಕೂತರು. ಅಣವೀರಪ್ಪನವರು ಶೇರ್ವಾನಿಯ ಎಲ್ಲ ಗುಂಡಿ ಹಾಕಿ, ಮುಖ ಬಿಗಿದು, ತಮ್ಮ ಕೈಯಾರೆ ಸೀತನಿ ಬಡಿಸಿದರು. ಹುಲಿಯ ವಿಷಯ ಕಚೇರಿಯ ಒಬ್ಬರಿಗೂ ಗೊತ್ತಿರಲಿಲ್ಲ. ನಾನು ಆಣೆ ಉಳಿಸಿಕೊಂಡಿದ್ದೆ.

ಆಗ ಪೀರಪ್ಪ ಬಂದ. ನೇರವಾಗಿ ಬಂದು ಎಲ್ಲರ ನಡುವೆ ಭಾವನವರ ಕಾಲು ಹಿಡಿದ. "ಸಾಹೇಬ್ರ, ತಪ್ಪಾತ್ರಿ. ಹೊಲ ನಿಮ್ದೇ ಇರ್ಲಿ. ನನ್ನ ಹುಲಿ ವಾಪಸ್ ಕೊಡ್ರಿ. ಓಣ್ಯಾಗ ಹುಡುಗ್ರು ನನ್ನ ನೋಡಿ ಹೆದರವಲ್ಲರಿ."

ಸೀತನಿ ಅಗಿಯುವುದನ್ನು ಕಚೇರಿಯೇ ನಿಲ್ಲಿಸಿತು. "ಪೇಶ್ಕಾರ್ ಸಾಬ್, ಯಾವ ಹುಲಿ?" ಅಂದರು ಮುನ್ಸೀಫ್ ಸಾಹೇಬರು.

ಪೀರಪ್ಪನಿಗೆ ತಲೆ ಸರಿಯಿಲ್ಲ ಎಂದು ಭಾವ ಅಂದುಬಿಟ್ಟರೆ ಮುಗಿಯಿತು, ಮಾನ ಉಳಿಯುತ್ತಿತ್ತು. ಬೇಕಾದರೆ ನಾನೇ ಅನ್ನುತ್ತಿದ್ದೆ. ಅಣವೀರಪ್ಪನವರು ಕೈಯಲ್ಲಿದ್ದ ತೆನೆ ಕೆಳಗಿಟ್ಟರು. ಜೇಬಿನಿಂದ ಕಾಗದ ತೆಗೆದು, ಚಷ್ಮಾ ಏರಿಸಿ, ಆ ಸಾಲನ್ನು ಎಲ್ಲರಿಗೂ ಕೇಳುವಂತೆ ಓದಿದರು. ಮಾರಿದವನಿಗೆ ಅದರಲ್ಲಿ ಯಾವ ಹಕ್ಕೂ ಇಲ್ಲ.

"ಹೊಲ ಬೇಕಾದ್ರ ತೊಗೊಂಡು ಹೋಗು, ಪೀರಪ್ಪ," ಅಂದರು. "ಹುಲಿ ಕೊಡಂಗಿಲ್ಲ."

ಪೀರಪ್ಪ ಮಣ್ಣಿನಲ್ಲೇ ಕೂತು ಹೆಗಲ ಮೇಲಿನ ವಸ್ತ್ರದಿಂದ ಕಣ್ಣು ಒರೆಸಿಕೊಂಡ. ಅದನ್ನು ನೋಡಿ ಅಣವೀರಪ್ಪನವರ ಧ್ವನಿ ಮೆತ್ತಗಾಯಿತು.

"ಮುಂದಿನ ವರ್ಷ ಬಾಲ ಹಿಡಿಯಾಕ ಒಬ್ಬ ಬೇಕು. ನೀ ಬಾ. ಬಲಗಾಲು ಮೊದ್ಲು ಅಂತಿದ್ದೆಲ್ಲ, ಅದನ್ನೂ ಕಲಿಸು."

ಪೀರಪ್ಪ ಮೊಣಕಾಲು ಹಿಡಿದುಕೊಂಡು ಎದ್ದ. ಆಮೇಲೆ ಹೆಬ್ಬೆಟ್ಟು ಮುಂದೆ ಚಾಚಿದ.

"ಬಾಯಿಮಾತು ಬ್ಯಾಡ್ರಿ," ಅಂದ. "ಬಾಲಕ್ಕ ಕಾಗದ ಮಾಡಿ ಕೊಡ್ರಿ."