ಹತ್ತು ತುಂಬುವುದರೊಳಗೆ ಪಿಯಾನೊ

"ನಿಂಗೆ ಹತ್ತು ತುಂಬೋದ್ರೊಳಗೆ ಮನೆಗೆ ಪಿಯಾನೊ ತರ್ತೀನಿ, ಈಗ ಅಳು ನಿಲ್ಸು" ಎಂದು ಸೂಜಿ ಮಗಳಿಗೆ ಮಾತು ಕೊಟ್ಟಾಗ ಪುಟ್ಟಿಗೆ ಐದು ವರ್ಷ. ಹೊಲಿಗೆ ಅಂಗಡಿಯ ಕತ್ತರಿಸುವ ಮೇಜಿನ ಉದ್ದಕ್ಕೂ ಆ ಹುಡುಗಿ ಗುರುತು ಹಾಕುವ ಸೀಮೆಸುಣ್ಣದಿಂದ ಪಿಯಾನೊದ ಕೀಗಳನ್ನು ಬರೆದು, ಬಾಯಲ್ಲೇ ಸದ್ದು ಮಾಡುತ್ತ ನುಡಿಸುತ್ತಿತ್ತು. ಮಾಲೀಕ ಬಂದವನೇ ಒದ್ದೆ ಬಟ್ಟೆ ತಂದು ಅಷ್ಟನ್ನೂ ಒರೆಸಿಹಾಕಿದ. ಆ ಹೊತ್ತಿನ ಉರಿಗೆ ಬಾಯಿಗೆ ಬಂದ ಮಾತು ಅದು. ಎಲುಬಿಲ್ಲದ ನಾಲಿಗೆ, ಆಡಿಬಿಟ್ಟಿತು.

ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದದ್ದೇ ಸೂಜಿ ಎಂದು. ಕಸುಬಿಗೂ ಸರಿ, ನಾಲಿಗೆಗೂ ಸರಿ. ಹಳೆಯ ಪ್ಯಾಂಟಿನ ಸೊಂಟ ಬಿಡಿಸುವುದು, ಕಿತ್ತ ಜಿಪ್ಪು ಬದಲಿಸುವುದು, ಪರದೆಗೆ ಅಂಚು ಕಟ್ಟುವುದು, ಇದೇ ಅವಳ ಹದಿನಾಲ್ಕು ವರ್ಷದ ಕೆಲಸ. ಪುಟ್ಟಿಗೆ ಏಳಾದಾಗ ಎರಡು ಬೀದಿ ಆಚೆಗಿನ ಪಿಯಾನೊ ಟೀಚರ್ ಹತ್ತಿರ ಸೇರಿಸಿದಳು. ಟೀಚರ್ ಮನೆಯಲ್ಲಿ ವಾರಕ್ಕೆರಡು ಸಲ ಅರ್ಧರ್ಧ ಗಂಟೆ, ಮಿಕ್ಕ ದಿನ ಊಟದ ಮೇಜಿನ ಅಂಚಿನ ಮೇಲೆ ಬೆರಳಾಟ. ಒಂಬತ್ತೂಮುಕ್ಕಾಲಕ್ಕೆ ಬಂದಾಗ ಸೂಜಿಗೆ ತನ್ನ ಮಾತು ನೆನಪಾಯಿತು ಎನ್ನುವಂತಿಲ್ಲ. ಮರೆತಿದ್ದರೆ ತಾನೇ ನೆನಪಾಗುವುದು.

ಪಿಯಾನೊ ಅಂಗಡಿಗೆ ಪುಟ್ಟಿಯ ಜೊತೆ ಮೂರು ಜನ ದೊಡ್ಡವರು ಹೋದರು, ಅದೇ ಮೊದಲ ತಪ್ಪು. ಸೂಜಿ, ಅವಳ ಗಂಡ, ಗಂಡನ ತಮ್ಮ. ಗಂಡ ಔಷಧಿ ಅಂಗಡಿಗಳಿಗೆ ಮಾಲು ಹಾಕುವ ವ್ಯಾನಿನ ಡ್ರೈವರ್, ಜಗಳಕ್ಕೆ ಹೆದರುವವನು. ಮೈದುನನದು ಮೊಬೈಲ್ ರಿಪೇರಿ ಅಂಗಡಿ. ಕೇಳಿದರೂ ಹೇಳುವವನು, ಕೇಳದಿದ್ದರೆ ಇನ್ನೂ ಹೆಚ್ಚು ಹೇಳುವವನು.

"ಇದ್ರಲ್ಲಿ ನಾನೂರು ಬಗೆಯ ಸೌಂಡ್ ಇದೆ ಮೇಡಂ" ಎಂದ ಅಂಗಡಿಯವನು, ದೀಪಗಳು ಮಿನುಗುವ ಒಂದು ಡಿಜಿಟಲ್ ಪಿಯಾನೊ ತೋರಿಸಿ. "ಕೊಳಲಿದೆ, ಗಿಟಾರಿದೆ, ನಾಯಿ ಬೊಗಳೋದೂ ಇದೆ."

"ನಾಯಿ ನಮ್ಮ ಬೀದೀಲೇ ಇದೆ" ಎಂದಳು ಸೂಜಿ. "ಪಿಯಾನೊ ಇದ್ದರೆ ತೋರಿಸಿ."

ಅವನು ನಗಲಿಲ್ಲ, ಆದರೆ ಮೂಲೆಗೆ ಕರೆದುಕೊಂಡು ಹೋದ. ಅಲ್ಲೊಂದು ಕಂದು ಬಣ್ಣದ ಸಪ್ಪೆ ಪೆಟ್ಟಿಗೆ, ನಾಲ್ಕೇ ಗುಂಡಿ. ಸೂಜಿ ಒಂದು ಕೀಯನ್ನು ಮೆಲ್ಲಗೆ ಒತ್ತಿದಳು. ಭಾರವಿತ್ತು. ಎಡಕ್ಕೆ ಹೋದಂತೆ ಹೆಚ್ಚು ಭಾರ, ಬಲಕ್ಕೆ ಬಂದಂತೆ ಹಗುರ. ಒಳಗೆ ಸುತ್ತಿಗೆಯ ಹಾಗೇನೋ ಎದ್ದು ಬೀಳುವುದು ಬೆರಳಿಗೆ ಗೊತ್ತಾಗುತ್ತಿತ್ತು. ಒತ್ತಿದರೆ ಅದು ಕೈಗೆ ಉತ್ತರ ಕೊಡುತ್ತಿತ್ತು. ಪುಟ್ಟಿ ಕುಳಿತು ಪಾಠದ ತುಣುಕೊಂದನ್ನು ನುಡಿಸಿ, "ಟೀಚರ್ ಮನೇದರ ಹಾಗೇ ಇದೆ ಅಮ್ಮ" ಎಂದಳು. ಕಾಲು ಗಂಟೆಯಲ್ಲಿ ತಾಯಿ ಮಗಳ ಆಯ್ಕೆ ಮುಗಿದಿತ್ತು.

ಆಗ ಮೈದುನ ಬಾಯಿ ತೆರೆದ.

"ಅತ್ತಿಗೆ, ಮೋಸ ಹೋಗ್ಬೇಡಿ. ಈ ಡಬ್ಬದೊಳಗಿರೋದು ಹಳೇ ಚಿಪ್ಪು. ಒಂದು ಕೀಗೆ ನಾಲ್ಕು ಸಲ ರೆಕಾರ್ಡ್ ಮಾಡಿದ್ರೆ ಹೆಚ್ಚು. ಈಗ ಸಾಫ್ಟ್‌ವೇರ್ ಬಂದಿದೆ. ಒಂಬತ್ತಡಿ ಪಿಯಾನೊನ ದೊಡ್ಡ ಹಾಲ್‌ನಲ್ಲಿ ಇಟ್ಟು, ಒಂದೊಂದು ಕೀನೂ ಮೆಲ್ಲಗೆ, ಜೋರಾಗಿ ಅಂತ ಹದಿನಾರು ಥರ ಒತ್ತಿ ರೆಕಾರ್ಡ್ ಮಾಡಿರೋದು. ನನ್ನ ಹಳೇ ಲ್ಯಾಪ್‌ಟಾಪ್ ಇದೆ. ನನ್ನ ಫ್ರೆಂಡ್ ಹತ್ರ ಒಂದು ಕೀಬೋರ್ಡ್ ಬಿದ್ದಿದೆ, ಅದಕ್ಕೆ ಸ್ವಂತ ಸದ್ದಿಲ್ಲ, ಲ್ಯಾಪ್‌ಟಾಪಿಗೆ ಚುಚ್ಚಿದ್ರೆ ಆಯ್ತು. ಇದರ ಕಾಲು ಭಾಗ ಖರ್ಚಾಗಲ್ಲ."

"ಅವನಿಗೆ ಗೊತ್ತಿರತ್ತೆ ಬಿಡೇ" ಎಂದ ಗಂಡ.

"ನನ್ನ ಕೈಗೂ ಗೊತ್ತಿದೆ."

"ನಿನ್ನ ಕೈಗೆ ಗೊತ್ತಿರೋದು ಬಟ್ಟೆ ಕಣೇ" ಎಂದು ಗಂಡ ನಕ್ಕ. ಅಂಗಡಿಯವನೂ ಆಗ ನಕ್ಕ. ಸೂಜಿ ಬರಿಗೈಯಲ್ಲಿ ಅಂಗಡಿಯಿಂದ ಹೊರಬಂದಳು. ಊರಿಗೆಲ್ಲ ಚುಚ್ಚುವ ನಾಲಿಗೆ ಬೇಕಾದ ಹೊತ್ತಿಗೆ ಮೊಂಡಾಯಿತು.

ಮೈದುನ ಮಾತಿನಂತೆ ನಡೆದ, ಅದನ್ನು ಇಲ್ಲ ಎನ್ನಬಾರದು. ಒಂದು ಭಾನುವಾರವಿಡೀ ಮಂಡಿಯೂರಿ ವೈರು ಸಿಕ್ಕಿಸಿದ. ಗೋಡೆಯಾಚೆ ಇನ್ನೊಬ್ಬರ ಮಲಗುವ ಕೋಣೆ ಇದ್ದದ್ದರಿಂದ ಹೆಡ್‌ಫೋನ್ ಬೇಕೇ ಬೇಕು. ವೈರು ಮಗುವಿನ ಕಾಲಿಗೆ ಸುತ್ತಿಕೊಳ್ಳುತ್ತದೆ ಎಂದು ವೈರಿಲ್ಲದ ಹೆಡ್‌ಫೋನ್ ತಾನೇ ತಂದುಕೊಟ್ಟ. ಮೊದಲೇ ಮಾಡಿಟ್ಟ ರಾಗವೊಂದನ್ನು ಲ್ಯಾಪ್‌ಟಾಪಿನಲ್ಲಿ ಬಿಟ್ಟು ಎಲ್ಲರಿಗೂ ಕೇಳಿಸಿದ. ಆ ನಾದದಲ್ಲಿ ಸುಳ್ಳಿರಲಿಲ್ಲ. ತಂತಿ ಮಿಡಿದ ಮೇಲೆ ಮರ ಉಸಿರೆಳೆದುಕೊಂಡದ್ದೂ ಕೇಳುತ್ತಿತ್ತು. ಪುಟ್ಟಿಗೆ ಹತ್ತು ತುಂಬುವುದಕ್ಕೆ ಇನ್ನೂ ಎಂಟು ದಿನ. ಮಾತು ಉಳಿಯಿತು ಎಂದುಕೊಂಡಳು ಸೂಜಿ.

ಅವತ್ತಿನಿಂದ ಆ ಪಿಯಾನೊವನ್ನು ಪುಟ್ಟಿಯಲ್ಲದೆ ಇನ್ಯಾರೂ ಕೇಳಲಿಲ್ಲ. ಮನೆಗೆ ಕೇಳುತ್ತಿದ್ದದ್ದು ಪ್ಲಾಸ್ಟಿಕ್ ಕೀಗಳ ಟಪಟಪ ಮಾತ್ರ. ತಾಳ ಹಿಡಿಯಲು 'ಟಕ್ ಟಕ್' ಎನ್ನುವ ಮೆಟ್ರೊನೋಮ್ ಕೂಡ ಆ ಲ್ಯಾಪ್‌ಟಾಪಿನೊಳಗೇ ಇತ್ತು, ಅದೂ ಹೆಡ್‌ಫೋನಿನಲ್ಲೇ ಬರುತ್ತಿತ್ತು.

ಐದು ವಾರ ಕಳೆಯಿತು. ಒಂದು ಶುಕ್ರವಾರ ಮಗಳನ್ನು ಕರೆದುಕೊಂಡು ಬರಲು ಹೋದಾಗ ಟೀಚರ್ ಸೂಜಿಯನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡರು. ಪುಟ್ಟಿ ಪಕ್ಕದಲ್ಲೇ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು.

"ಬೇಜಾರು ಮಾಡ್ಕೋಬೇಡಿ. ನಿಮ್ಮ ಹುಡುಗಿಗೆ ತಾಳ ಇಲ್ಲ. ಮೊದಲು ಇದೆ ಅಂದ್ಕೊಂಡಿದ್ದೆ. ಈಗ ನಾನು ಪಕ್ಕದಲ್ಲಿ ಕೂತು ಜೊತೆಗೆ ನುಡಿಸಿದ್ರೆ ನನ್ನನ್ನೇ ಹಿಂದೆ ಹಾಕಿ ಓಡ್ತಾಳೆ. ಹೇಳಿ ಹೇಳಿ ಸಾಕಾಯ್ತು. ಜಾಗಕ್ಕೆ ಬೇರೆ ಮಕ್ಕಳು ಕಾಯ್ತಿದ್ದಾರೆ. ಈ ತಿಂಗಳ ಕೊನೆಗೆ ಬಿಡಿಸಿ. ಚಿತ್ರ ಗಿತ್ರ ಕಲೀಲಿ."

ಸೂಜಿಯ ಕಿವಿ ಬಿಸಿಯಾಯಿತು. ಬೀದಿಗೆ ಇಳಿದ ಮೇಲೆ ಪುಟ್ಟಿ ಸಣ್ಣಗೆ ಹೇಳಿದಳು: "ಮನೇಲಿ ಸರಿಯಾಗೇ ಬರತ್ತಮ್ಮ."

"ಸುಳ್ಳು ಬೇರೆ ಹೇಳ್ತೀಯಾ? ದಿನಾ ಅಲ್ಲಿ ಕೂತು ಏನು ಮಾಡ್ತಿದ್ದೆ ಹಾಗಾದ್ರೆ? ನಿನ್ನ ಪಾಠಕ್ಕೆ ಅಂತ ನಾನು ಯಾರ್ಯಾರ ಜಿಪ್ಪು ಹೊಲ್ದಿದ್ದೀನಿ, ಲೆಕ್ಕ ಇದೆಯಾ?"

ತರಕಾರಿ ಕೊಳ್ಳುತ್ತಿದ್ದ ಇಬ್ಬರು ತಿರುಗಿ ನೋಡಿದರು. ಪುಟ್ಟಿ ತಲೆ ತಗ್ಗಿಸಿ ಬೇಗ ಬೇಗ ನಡೆದಳು. ಶನಿವಾರ ಕೀಬೋರ್ಡಿನ ಹತ್ತಿರವೂ ಸುಳಿಯಲಿಲ್ಲ.

ಭಾನುವಾರ ಬೆಳಿಗ್ಗೆ, ಸುಳ್ಳನ್ನು ಕೈಯಾರೆ ಹಿಡಿದೇ ಬಿಡುತ್ತೇನೆಂದು ಸೂಜಿ ಹೆಡ್‌ಫೋನನ್ನು ತನ್ನ ತಲೆಗೇ ಏರಿಸಿಕೊಂಡಳು. "ಒತ್ತು. ನಾನು ಕೇಳ್ತೀನಿ."

ಪುಟ್ಟಿ ಒಂದು ಕೀ ಒತ್ತಿದಳು. ಬೆರಳು ಕೆಳಗೆ ಹೋಯಿತು. ಆಮೇಲೆ ಸದ್ದು ಬಂತು.

"ಇನ್ನೊಂದ್ಸಲ."

ಬೆರಳು. ಆಮೇಲೆ ಸದ್ದು.

ಬೆಲ್ಟ್ ಸಡಿಲಾದ ಹೊಲಿಗೆ ಮಷಿನ್ನು ಹೀಗೆಯೇ. ಕಾಲು ಒತ್ತಿದಾಗ ಸೂಜಿ ಏಳುವುದಿಲ್ಲ, ಒಂದು ಚಿಟಿಕೆ ತಡೆದು ಏಳುತ್ತದೆ. ಅಂಥ ಮಷಿನ್ನಿನಲ್ಲಿ ಮೂಲೆ ತಿರುಗಿಸಲು ಹೋದರೆ ಬಟ್ಟೆ ಹಾಳು. ಹದಿನಾಲ್ಕು ವರ್ಷ ಆ ಚಿಟಿಕೆಯನ್ನು ಕಾಲಿನಲ್ಲಿ ಬಲ್ಲವಳಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

"ಇದು ಯಾವಾಗ್ಲೂ ಹೀಗೇನಾ?"

"ಹೂಂ. ಟಕ್ ಅನ್ನೋಕ್ಕಿಂತ ಮುಂಚೆ ಒತ್ಬೇಕು. ಆಗ ಎರಡೂ ಒಟ್ಟಿಗೆ ಕೇಳ್ಸತ್ತೆ. ಮೊದ್ಲು ಕಷ್ಟ ಆಗ್ತಿತ್ತು, ಈಗ ಬರತ್ತೆ."

"ಯಾಕೇ ಹೇಳ್ಲಿಲ್ಲ?"

"ಚಿಕ್ಕಪ್ಪಂಗೆ ಹೇಳ್ದೆ. ಅದು ದೊಡ್ಡ ಹಾಲ್‌ನಲ್ಲಿರೋ ಪಿಯಾನೊ ಅಲ್ವಾ, ಸದ್ದು ನಡ್ಕೊಂಡು ಬರ್ಬೇಕು, ದೊಡ್ಡ ಪಿಯಾನೊ ಎಲ್ಲಾ ಹಾಗೇ ಅಂದ್ರು."

ಸೂಜಿ ಹೆಡ್‌ಫೋನ್ ಹಿಡಿದುಕೊಂಡು ಸೀದಾ ಮೈದುನನ ಅಂಗಡಿಗೆ ಹೋದಳು. ಅವನು ಯಾರದೋ ಮೊಬೈಲಿನ ಹೊಟ್ಟೆ ಬಗೆದು ಕುಳಿತಿದ್ದ. ಗಿರಾಕಿಗಳು ಇಬ್ಬರಿದ್ದರು. ಇರಲಿ ಎಂದುಕೊಂಡಳು.

"ಇದನ್ನ ಹಾಕ್ಕೊಂಡು ಯಾವತ್ತಾದ್ರೂ ನೀನು ಒಂದು ಕೀ ಒತ್ತಿ ನೋಡಿದ್ಯಾ?"

ಅವನು ವಿಷಯ ಕೇಳಿದ. ಮುಖದಲ್ಲಿ ಗಾಬರಿಯಿಲ್ಲ. "ಓ, ಅದು ವೈರ್‌ಲೆಸ್‌ನಲ್ಲಿ ಇದ್ದದ್ದೇ ಅತ್ತಿಗೆ. ಸೆಕೆಂಡಿನಲ್ಲಿ ಐದನೇ ಒಂದು ಭಾಗ. ಸಿನಿಮಾ ನೋಡೋರಿಗೆ ಗೊತ್ತೇ ಆಗಲ್ಲ."

"ಅವಳು ಸಿನಿಮಾ ನೋಡ್ತಿದ್ಲಾ?"

"ಅಲ್ಲ, ನಾನು ಹೇಳೋದು..."

"ಮಗು ಬಂದು ನಿನ್ನನ್ನ ಕೇಳ್ತಾ, ಇಲ್ವಾ?"

"ಕೇಳ್ತು. ಚಿಕ್ಕ ಮಗು, ಏನಂತ ಬಿಡಿಸಿ ಹೇಳೋದು ಅಂತ ಏನೋ ಒಂದು ಹೇಳ್ದೆ."

"ಗೊತ್ತಿಲ್ಲ ಅನ್ನೋ ಒಂದು ಪದ ನಿನ್ನ ಬಾಯಲ್ಲಿ ಬಂದಿದ್ರೆ ಸಾಕಿತ್ತು. ಹುಟ್ಟಿದಾಗಿಂದ ಬಂದಿಲ್ಲ, ಅವತ್ತು ಮಾತ್ರ ಎಲ್ಲಿಂದ ಬರ್ಬೇಕು. ನಿನ್ನ ಮರ್ಯಾದೆ ಉಳೀತು, ನನ್ನ ಮಗಳಿಗೆ ತಾಳ ಇಲ್ಲ ಅಂತ ಹೆಸರು ಬಂತು."

ಗಿರಾಕಿಗಳಲ್ಲೊಬ್ಬ ತನ್ನ ಮೊಬೈಲ್ ವಾಪಸು ಕೇಳಿ ತೆಗೆದುಕೊಂಡ.

ಸಂಜೆ ಮೈದುನ ವೈರಿನ ಹೆಡ್‌ಫೋನ್ ತಂದು ಸಿಕ್ಕಿಸಿದ. ತಡ ಕಡಿಮೆಯಾಯಿತು, ಹೋಗಲಿಲ್ಲ. ಸಾಫ್ಟ್‌ವೇರಿನೊಳಗೆ ಯಾವುದೋ ಅಂಕಿ ಇಳಿಸಿದ. ತಡ ಹೋಯಿತು, ಆದರೆ ಮುದಿ ಲ್ಯಾಪ್‌ಟಾಪಿಗೆ ಅಷ್ಟು ಓಡುವ ಶಕ್ತಿಯಿರಲಿಲ್ಲ. ಒಂಬತ್ತಡಿಯ ಪಿಯಾನೊ ಹಸಿ ಕಟ್ಟಿಗೆ ಉರಿದ ಹಾಗೆ ಚಟಪಟ ಎನ್ನತೊಡಗಿತು. "ಒಳ್ಳೇ ಲ್ಯಾಪ್‌ಟಾಪ್ ಒಂದಿದ್ರೆ..." ಎಂದು ಶುರು ಮಾಡಿದ. ಸೂಜಿ ನೋಡಿದ ನೋಟಕ್ಕೆ ವಾಕ್ಯವನ್ನು ಅಲ್ಲೇ ನುಂಗಿಕೊಂಡ.

"ಪಾಪ, ಪ್ರೀತಿಯಿಂದ ಮಾಡ್ಕೊಟ್ಟಿದ್ದು" ಎಂದ ಗಂಡ.

"ಹಾಗಾದ್ರೆ ಆ ಪ್ರೀತೀನ ನೀವೇ ನುಡಿಸ್ಕೊಳ್ಳಿ. ಅವತ್ತು ಅಂಗಡೀಲಿ ನನ್ನ ಕೈಗೆ ಗೊತ್ತಿರೋದು ಬಟ್ಟೆ ಅಂದ್ರಲ್ಲ, ಹೌದು, ಬಟ್ಟೇನೇ. ಬಟ್ಟೆ ಗೊತ್ತಿದ್ದಕ್ಕೇ ಇವತ್ತು ಇದು ಗೊತ್ತಾಯ್ತು. ನಿಮಗೆ ಏನು ಗೊತ್ತಾಯ್ತು?"

ಗಂಡ ವ್ಯಾನಿನ ಕೀಲಿಕೈಯನ್ನು ಬೆರಳಲ್ಲಿ ತಿರುಗಿಸುತ್ತ ಕುಳಿತ. ಅವಳಿಗೆ ಅವನ ಮೇಲಿದ್ದ ಸಿಟ್ಟಿಗಿಂತ ಅಂದು ಬಾಯಿ ಮುಚ್ಚಿಕೊಂಡ ತನ್ನ ಮೇಲಿದ್ದದ್ದೇ ಹೆಚ್ಚು. ಅದನ್ನು ಯಾರ ಮುಖಕ್ಕೆ ಎಸೆಯಬೇಕೋ ತಿಳಿಯದೆ ಪಾತ್ರೆ ತೊಳೆಯಲು ಹೋದಳು. ಆ ರಾತ್ರಿ ಮನೆಯಲ್ಲಿ ಒಂದು ಲೋಟ ಕಡಿಮೆಯಾಯಿತು.

ಸೋಮವಾರ ಅರ್ಧ ದಿನ ರಜೆ ಹಾಕಿ ಪುಟ್ಟಿಯನ್ನು ಟೀಚರ್ ಮನೆಗೆ ಕರೆದುಕೊಂಡು ಹೋದಳು. ಹೇಳಬೇಕಾದ್ದನ್ನೆಲ್ಲ ಹೇಳಿದಳು. ಟೀಚರ್ ತಾಳ್ಮೆಯಿಂದ ಕೇಳಿದರು. ಇಂಥ ತಾಯಂದಿರನ್ನು ಬೇಕಾದಷ್ಟು ಕಂಡಿದ್ದೇನೆ ಎನ್ನುವ ತಾಳ್ಮೆ ಅದು.

"ಎಲ್ಲರ ಮನೇಲೂ ಏನೋ ಒಂದು ಕಾರಣ ಇರತ್ತಮ್ಮ."

"ಕಾರಣ ಬೇಡ. ನಿಮ್ಮ ಟಕ್ ಟಕ್ ಹಾಕಿ, ಅವಳು ನುಡಿಸ್ಲಿ. ನೀವು ಹಾಡು ಕೇಳ್ಬೇಡಿ. ಎಷ್ಟು ಮುಂಚೆ ಬೀಳತ್ತೆ ಅದೊಂದನ್ನೇ ಕೇಳಿ."

ಪಿಯಾನೊದ ಮೇಲಿದ್ದ ಮರದ ಮೆಟ್ರೊನೋಮಿಗೆ ಟೀಚರ್ ಕೀ ಕೊಟ್ಟರು. ಕಡ್ಡಿ ಅತ್ತಿತ್ತ ಆಡಿತು. ಪುಟ್ಟಿ ನುಡಿಸಿದಳು. ಪ್ರತಿ ಸ್ವರವೂ ಟಕ್ಕಿಗಿಂತ ಮೊದಲು ಬಿತ್ತು. ಟೀಚರ್ ತಲೆಯಾಡಿಸುತ್ತಿದ್ದವರು ನಿಧಾನವಾಗಿ ನಿಲ್ಲಿಸಿದರು.

"ನಾನು ಹೊಲಿಯೋಳು" ಎಂದಳು ಸೂಜಿ. "ಹೊಲಿಗೆ ಗೆರೆಯಿಂದ ಕಾಲಿಂಚು ಆಚೆ ಬಿದ್ದಿದೆ, ಒಪ್ಪಿದೆ. ಆದ್ರೆ ಈ ತುದಿಯಿಂದ ಆ ತುದಿವರೆಗೂ ಕಾಲಿಂಚೇ. ಕೈ ನಿಲ್ಲದವಳ ಹೊಲಿಗೆ ಹಾಗೆ ಬೀಳಲ್ಲ. ಒಂದು ಕಡೆ ಅರ್ಧ ಇಂಚು, ಇನ್ನೊಂದು ಕಡೆ ಗೆರೆ ಮೇಲೆ. ಈಗ ಆ ಕಡ್ಡಿ ನಿಲ್ಸಿ, ಅವಳೊಬ್ಬಳೇ ನುಡಿಸ್ಲಿ."

ಟೀಚರ್ ಕಡ್ಡಿ ಹಿಡಿದು ನಿಲ್ಲಿಸಿದರು. ಪುಟ್ಟಿ ಒಬ್ಬಳೇ ನುಡಿಸಿದಳು. ಎಲ್ಲೂ ಓಟವಿಲ್ಲ, ಎಲ್ಲೂ ಎಡವಿಲ್ಲ. ಟೀಚರ್ ತಮ್ಮ ತೊಡೆಯ ಮೇಲೆ ಬೆರಳಿಂದ ಎಣಿಸುತ್ತಿದ್ದರು. ಎಣಿಕೆಯೂ ಸ್ವರವೂ ಕೊನೆಯವರೆಗೆ ಜೊತೆಯಲ್ಲೇ ಹೋದವು.

"ಇರ್ಲಿ, ಬಿಡಿಸೋದು ಬೇಡ" ಎಂದರು ಟೀಚರ್. "ಆ ಅಭ್ಯಾಸ ತೆಗೆಯೋಕೆ ಮೂರು ನಾಲ್ಕು ತಿಂಗಳು ಬೇಕಾಗತ್ತೆ. ಸರಿಯಾದ ಕೀ ಇರೋ ಒಂದು ಪಿಯಾನೊ ತನ್ನಿ. ನಾನು ಇದನ್ನ ಹಿಡೀಬೇಕಿತ್ತು."

"ನನಗಲ್ಲ. ಅವಳ ಮುಂದೇನೇ ಅಂದಿದ್ರಿ, ಅವಳಿಗೇ ಹೇಳಿ."

ಟೀಚರ್ ಕೆಂಪಾದರು. ಅರವತ್ತು ದಾಟಿದ ಹೆಂಗಸು, ಎಷ್ಟೋ ಮಕ್ಕಳನ್ನು ತಿದ್ದಿದವರು. ಕೊನೆಗೆ ಪುಟ್ಟಿಯ ಕಡೆ ತಿರುಗಿ, "ನಿಂಗೆ ತಾಳ ಇದೆ ಮಗು. ನಾನು ತಪ್ಪು ಹೇಳ್ದೆ" ಎಂದರು.

ಹೊರಗೆ ಬಂದ ಮೇಲೆ ಸೂಜಿಗೆ ತನ್ನ ಸರದಿ ಎಂದು ಗೊತ್ತಿತ್ತು. "ನಾನೂ ತಪ್ಪು ಮಾಡ್ದೆ ಕಣೇ. ಸುಳ್ಳು ಅಂದೆ."

"ಅದಕ್ಕಿಂತ ಬೀದೀಲಿ ಬೈದದ್ದು ಬೇಜಾರಾಯ್ತು" ಎಂದಳು ಪುಟ್ಟಿ. ಪರವಾಗಿಲ್ಲ ಎನ್ನಲಿಲ್ಲ. ಸೂಜಿಯೂ ಅದನ್ನು ಅವಳ ಬಾಯಿಂದ ಹೊರಡಿಸಲು ಹೋಗಲಿಲ್ಲ.

ಶನಿವಾರ ಅವಳು ಗಂಡನನ್ನಲ್ಲ, ಅವನ ವ್ಯಾನನ್ನು ಕೇಳಿದಳು. ಗಂಡ ತಾನೂ ಬಂದ, ಅಂಗಡಿಯಲ್ಲಿ ತುಟಿ ಎರಡು ಮಾಡಲಿಲ್ಲ. ಅದೇ ಮೂಲೆಯಲ್ಲಿ ಅದೇ ಕಂದು ಪೆಟ್ಟಿಗೆ ಇತ್ತು. ಅಂಗಡಿಯವನು ಹೊಸದಾಗಿ ಬಂದ ಇನ್ನೊಂದನ್ನು ತೋರಿಸಲು ಹೊರಟಾಗ, "ಇದನ್ನೇ ಕಟ್ಟಿ. ವೈರಿರೋ ಹೆಡ್‌ಫೋನ್ ಒಂದು ಕೊಡಿ" ಎಂದು ಸೂಜಿ ಕಂತಿನ ಕಾಗದಕ್ಕೆ ಸಹಿ ಹಾಕಿದಳು. ಗಂಡನೂ ಮೈದುನನೂ ಅದನ್ನು ಎರಡು ಮಹಡಿ ಹತ್ತಿಸಿದರು. ತಿರುವಿನಲ್ಲಿ ಮೈದುನ ಹೇಗೆ ಓರೆ ಮಾಡಬೇಕೆಂದು ಹೇಳಲು ಬಾಯಿ ತೆರೆದ, ಅತ್ತಿಗೆಯ ಮುಖ ನೋಡಿ ಮುಚ್ಚಿಕೊಂಡ.

ಪುಟ್ಟಿ ಕುಳಿತು ಹೆಡ್‌ಫೋನ್ ಹಾಕಿಕೊಂಡು ಒಂದು ಕೀ ಒತ್ತಿದಳು. ಮತ್ತೆ ಒತ್ತಿದಳು. ಆಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಪಾಠದ ಮೊದಲ ಪುಟ ತೆರೆದಳು.

ಹತ್ತು ತುಂಬುವುದರೊಳಗೆ ಎಂದು ಸೂಜಿ ಹೇಳಿದ್ದಳು. ಹುಡುಗಿಗೆ ಹತ್ತು ತುಂಬಿ ಐದು ವಾರವಾಗಿತ್ತು. ಕೊಟ್ಟ ಮಾತಿಗೆ ಅವಳು ತಪ್ಪಿದ್ದಳು.